ಶುಕ್ರವಾರ ಸಂಜೆ ನಾನು ಆಫ್ ಮಾಡಿದ ಫ್ಯಾನು

ಕೋಣೆಯಿಂದ ಹೊರಬರುವಾಗ ಲೈಟು, ಫ್ಯಾನು ಆಫ್ ಮಾಡಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಸ್ಕೇಲಿನಿಂದ ಬೆರಳಿಗೆ ಹೊಡೆದು ಕಲಿಸಿದ್ದರು. ಎಪ್ಪತ್ತು ದಾಟಿದರೂ ಆ ಡಿಸಿಪ್ಲಿನ್ ಬಿಟ್ಟಿಲ್ಲ. ನೆಂಟರ ಮನೆಯಲ್ಲೂ ಅವರು ಎದ್ದುಹೋದ ಕೋಣೆಯ ಸ್ವಿಚ್ಚು ಆರಿಸಿ ಬೈಸಿಕೊಂಡಿದ್ದೇನೆ. ಒಂದೇ ಒಂದು ಸಲ ಆ ಚಾಳಿಯಿಂದ ಒಳ್ಳೆಯದಾಯಿತು.

ಹೊಸಪೇಟೆಯ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಹಂಪಿ ನೋಡಲು ಬರುವವರಿಗೆ ಕೊಡುತ್ತೇನೆ. ಮೂರು ವರ್ಷದಿಂದ ಚಳಿಗಾಲಕ್ಕೆ ತಪ್ಪದೆ ಬಂದು ಮಾರ್ಚಿನವರೆಗೆ ಇರುತ್ತಿದ್ದವನು ಇಸ್ರೇಲಿನ ಒಬ್ಬ ಕ್ಲೌನ್. ನಲವತ್ತರ ಹತ್ತಿರದವನು. ಕಂಪ್ಲಿ, ಸಂಡೂರಿನ ಶಾಲೆಗಳಿಗೆ ಹೋಗಿ ಮಾತಿಲ್ಲದೆ ಮಕ್ಕಳನ್ನು ನಗಿಸುವುದು ಅವನ ಕೆಲಸ. ಕನ್ನಡ ಕಲಿತದ್ದು ಬಸ್ಸಿನಲ್ಲಿ. ಬೆಳಿಗ್ಗೆ ಎದ್ದವನೇ, "ಅಮ್ಮಾರ, ಒಗ್ಗಾಣಿ ಆತೇನ್ರಿ? ಹೊಟ್ಟಿ ಭಾಳ ಹಸದೈತಿ" ಅನ್ನುತ್ತಿದ್ದ. ನನ್ನ ಟೇಬಲ್ ಮ್ಯಾನರ್ಸ್ ಎಲ್ಲ ಅವನ ಮುಂದೆ ನೀರುಪಾಲು.

ಅವನ ತಂದೆ ನಿವೃತ್ತ ಮೇಷ್ಟರು, ಕಟ್ಟುನಿಟ್ಟಿನ ಯಹೂದಿ. ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ವಿಶ್ರಾಂತಿಯ ದಿನ ಶುರು, ಶನಿವಾರ ಸಂಜೆಯವರೆಗೆ ಯಾವ ಕೆಲಸವೂ ಕೂಡದು. ಅಂಥದೊಂದು ಶುಕ್ರವಾರ ಸಂಜೆ ಮಗ ಸ್ಟೇಜು ಹತ್ತಿದನಂತೆ. ಅಲ್ಲಿಗೆ ಮಾತು ನಿಂತು ಹನ್ನೊಂದು ವರ್ಷ. ನಡುವೆ ಸುದ್ದಿ ಮುಟ್ಟಿಸುತ್ತಿದ್ದ ತಾಯಿಯೂ ಹೋದ ವರ್ಷ ತೀರಿಕೊಂಡರು. ಕೊನೆಗೆ ಆ ತಂದೆಯೇ ನನಗೆ ಫೋನ್ ಮಾಡಿ ಪಕ್ಕದ ಕೋಣೆ ಕೇಳಿದರು.

ಬಿಳಿ ಗಡ್ಡ, ಕಪ್ಪು ಟೋಪಿ, ಜೊತೆಗೆ ಊಟದ ಮಡಿಗೆಂದು ತಮ್ಮದೇ ಪಾತ್ರೆಗಳ ಪೆಟ್ಟಿಗೆ. ಮಾರ್ಚಿನ ಒಂದು ಗುರುವಾರ ಬಂದವರು ಮಗನಿಗೆ ತಲೆಯಾಡಿಸಿ ಒಳಗೆ ಹೋದರು, ಅಷ್ಟೇ.

"ಅವ್ರು ನನ್ನ ನೋಡಾಕ ಬಂದಿಲ್ರಿ ಅಮ್ಮಾರ, ಹಂಪಿ ಕಲ್ಲು ನೋಡಾಕ ಬಂದಾರ" ಅಂದ ಮಗ.

"ಸುಮ್ನಿರಲೇ! ಕಲ್ಲು ನೋಡಾಕ ವಯಸ್ಸಾದವ್ರು ಇಷ್ಟು ದೂರ ಬರ್ತಾರೇನು? ಹೋಗಿ ಮಾತಾಡ್ಸು."

"ಮೊದ್ಲು ಅವ್ರು ಮಾತಾಡ್ಸಲಿ."

ತಂದೆಯನ್ನು ಕೇಳಿದರೆ ಅವರದೂ ಅದೇ ಉತ್ತರ, ಒಳ್ಳೆ ಇಂಗ್ಲಿಷಿನಲ್ಲಿ. ಭಾನುವಾರ ಬೆಳಿಗ್ಗೆ ಅವರ ರೈಲು. ಇನ್ನು ಈ ವಯಸ್ಸಿನಲ್ಲಿ ಮತ್ತೆ ಬರುವುದು ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ನನ್ನ ಅಪ್ಪನೂ ಹೀಗೇ. ನಾನು ಸ್ಕೂಲ್ ಡೇಯಲ್ಲಿ ಡಾನ್ಸ್ ಮಾಡಿದೆನೆಂದು ಒಂದು ತಿಂಗಳು ಮಾತು ಬಿಟ್ಟಿದ್ದರು. ಒಂದೇ ತಿಂಗಳು, ಆದರೂ ಈಗಲೂ ನೆನಪಿದೆ.

ಶುಕ್ರವಾರ ಮುಸ್ಸಂಜೆ ಹಿತ್ತಲಿಗೆ ಹೋಗುವಾಗ ನೋಡುತ್ತೇನೆ, ಮೇಷ್ಟರ ಕೋಣೆ ಖಾಲಿ, ಫ್ಯಾನು ಮಾತ್ರ ಗರಗರ ತಿರುಗುತ್ತಿದೆ. ಅವರು ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ನನ್ನ ಬೆರಳು ತಾನಾಗಿ ಹೋಗಿ ಆಫ್ ಮಾಡಿತು.

ಸ್ವಲ್ಪ ಹೊತ್ತಿಗೆ ಬಾಳೆಹಣ್ಣು ಕೊಡಲು ಹೋದರೆ ಮೇಷ್ಟರು ಬೆವರಿನಲ್ಲಿ ತೊಯ್ದು ಕುಳಿತಿದ್ದಾರೆ.

"ಮ್ಯಾಡಮ್, ಈ ಕೋಣೆಯಲ್ಲಿ ಸ್ವಲ್ಪವೂ ಗಾಳಿಯಿಲ್ಲ."

"ಡ್ಯಾಮ್ ಕಡೆ ಹೋದರೆ ಲವ್ಲೀ ಬ್ರೀಝ್ ಇರುತ್ತದೆ" ಅಂದೆ.

"ಇಲ್ಲಿ ಮೊದಲು ಗಾಳಿ ಇತ್ತು."

"ನೀವು ನಮ್ಮ ಮೇ ತಿಂಗಳು ನೋಡಬೇಕು. ಇದೆಲ್ಲ ಏನೂ ಅಲ್ಲ!"

ಅವರು ಫ್ಯಾನಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ನಾನು, ಅದು ಹಳೇ ಫ್ಯಾನು, ಹಾಕಿದರೆ ಸದ್ದು ಸ್ವಲ್ಪ ಜಾಸ್ತಿ ಎಂದು ಕ್ಷಮೆ ಕೇಳಿದೆ.

ಬಾಗಿಲಲ್ಲಿ ನಿಂತಿದ್ದ ಮಗ ಇದನ್ನೆಲ್ಲ ಕೇಳಿಸಿಕೊಂಡ. ಒಳಗೆ ಬಂದವನೇ ಟವೆಲ್ಲನ್ನು ಸೆರಗಿನಂತೆ ಹೊದ್ದು ನಾನೇ ಆಗಿಬಿಟ್ಟ! ನನ್ನ ಮಂಡಿನೋವಿನ ನಡಿಗೆ, ಮೂಗಿನ ಮೇಲಿನ ಕನ್ನಡಕ, ಎಲ್ಲ. ಸೆರಗಿನಿಂದ ಗಾಳಿ ಹಾಕಿಕೊಂಡ, ಬೆವರು ಒರೆಸಿಕೊಂಡ, ಓಲಾಡುತ್ತ ಗೋಡೆಯವರೆಗೆ ಹೋಗಿ ಸ್ವಿಚ್ಚಿನ ಕಡೆ ಬೆರಳು ಚಾಚಿದ. ಮುಟ್ಟಲು ಒಂದಂಗುಲ ಇರುವಾಗ ಬೆರಳು ನಿಂತಿತು. ನಿಂತೇ ಇತ್ತು.

ಸೂರ್ಯ ಮುಳುಗಿದ ಮೇಲೆ ಅವರು ಸ್ವಿಚ್ಚು ಮುಟ್ಟುವುದಿಲ್ಲ, ಹಾಕಿ ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಅದಕ್ಕೇ ಮುಂಚೆಯೇ ಫ್ಯಾನು ಹಾಕಿಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆದರೆ ಆ ಗಳಿಗೆಯಲ್ಲಿ ಮೇಷ್ಟರ ಮುಖ ಕಂಡೆ. ಇದ್ಯಾವುದನ್ನೂ ಪಾಲಿಸದ ಮಗ, ತಂದೆಯ ಎದುರಿಗೆ ಆ ಒಂದಂಗುಲ ದಾಟಲಿಲ್ಲ. ಅವರ ಗಡ್ಡ ಅಲುಗಿತು. ಮೊದಲು ಕೆಮ್ಮು ಅಂದುಕೊಂಡೆ. ನಗು! ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ನನಗೇ ಸೆಕೆ ಆಗ್ತಿದೆ" ಎಂದು ನಾನೇ ಹೋಗಿ ಫ್ಯಾನು ಹಾಕಿದೆ.

ಮೇಷ್ಟರು ತಮ್ಮ ಭಾಷೆಯಲ್ಲಿ ಮಗನಿಗೆ ಏನೋ ಅಂದರು. ಅವನು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಳಿತ.

"ಏನಂದ್ರಲೇ?"

"ನಿನ್ನ ಕಾಲು ಅಮ್ಮಾರ ಕಾಲಷ್ಟು ಸೊಟ್ಟ ಆಗಿಲ್ಲ, ಇನ್ನೂ ಪ್ರಾಕ್ಟೀಸ್ ಮಾಡು ಅಂದ್ರು" ಎಂದ, ಕಣ್ಣೊರೆಸಿಕೊಂಡು. ಸಿಟ್ಟು ಬರಬೇಕಿತ್ತು ನನಗೆ!

ಮರುದಿನ ಶನಿವಾರ ಸಂಡೂರಿನ ಒಂದು ಶಾಲೆಯಲ್ಲಿ ಶೋ ಇತ್ತು. ಆ ದಿನ ತಂದೆ ಗಾಡಿ ಹತ್ತುವುದಿಲ್ಲ. ಮಗ ಹಿತ್ತಲಿಗೆ ಹೋಗಿ ಹೆಡ್‌ಮಾಸ್ತರಿಗೆ ಫೋನ್ ಮಾಡಿದ: "ಸರ, ನಾಳೆ ಬ್ಯಾಡ್ರಿ, ಸೋಮವಾರ ಇಟ್ಕೊಳ್ರಿ. ನಮ್ಮಪ್ಪಾರು ಬರ್ತಾರ." ಭಾನುವಾರದ ರೈಲು ಮೇಷ್ಟರನ್ನು ಬಿಟ್ಟೇ ಹೋಯಿತು.

ಸೋಮವಾರ ನಾನೂ ಹೋದೆ, ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಆಟದ ನಡುವೆ ಮಗ ತಂದೆಯ ಕೈಹಿಡಿದು ಎಬ್ಬಿಸಿದ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಸ್ವಿಚ್ಚು ಬರೆದ. ಮೇಷ್ಟರು ಟೋಪಿ ಸರಿಮಾಡಿಕೊಂಡರು. ನನ್ನ ಹಾಗೇ ಕುಂಟುತ್ತ ಹೋಗಿ, ಬೆರಳು ಚಾಚಿ, ಒಂದಂಗುಲ ಇರುವಾಗ ನಿಲ್ಲಿಸಿ, ಮಕ್ಕಳ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಒತ್ರಿ! ಒತ್ರಿ ತಾತಾ!" ಇಡೀ ಶಾಲೆ ಕಿರುಚಿತು.

ಅವರು ಒತ್ತಲಿಲ್ಲ. ಮಗನ ಕಡೆ ನೋಡುತ್ತ ಬೆರಳನ್ನು ಹಾಗೇ ಹಿಡಿದಿದ್ದರು. ಅವರ ಟೈಮಿಂಗ್ ಮಗನಿಗಿಂತ ಚೆನ್ನಾಗಿತ್ತು.