ಬೀಗ ಹಾಕಿದ ಕೋಣೆಯ ಮಗ್ಗ

ದೆವ್ವ, ಗಾಳಿ, ಮೈಮೇಲೆ ಬರುವುದು, ಇದರಲ್ಲೆಲ್ಲ ನನಗೆ ಚಿಕ್ಕಂದಿನಿಂದಲೂ ನಂಬಿಕೆ ಇರಲಿಲ್ಲ. ನನ್ನ ತವರೂರು ಸಾಸಲಿನಲ್ಲಿ ನಮ್ಮ ಮನೆಯ ಹಿಂದಿದ್ದ ಹುಣಸೆ ಮರಕ್ಕೆ ಊರೆಲ್ಲ ಹೆದರುತ್ತಿದ್ದಾಗ ನಾನು ಅದರ ಕೆಳಗೇ ಕುಳಿತು ಹುಣಸೆಕಾಯಿ ತಿನ್ನುತ್ತಿದ್ದೆ. ಇವತ್ತಿಗೂ ನಂಬುವುದಿಲ್ಲ. ಈಗ ಹೇಳಹೊರಟಿರುವುದನ್ನು ಓದಿ, "ಪಾಪ, ಹೆಂಗಸು, ನಿದ್ದೆಗೆಟ್ಟು ಏನೋ ಕೇಳಿಸಿಕೊಂಡಿದ್ದಾಳೆ" ಎಂದುಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ಬೀದಿಗೆ ಬೀದಿಯೇ ಕೇಳಿತು. ಠಾಣೆಯ ದಫೇದಾರ ಕೇಳಿದ. ಓದಿದ ಡಾಕ್ಟರು ಕೇಳಿದರು.

ಯುದ್ಧ ನಡೆಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ನಾನು ಮದುವೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅತ್ತೆ ಕಲಿಸಿದ್ದರು. ಆದರೆ ಊರಿನವರು ಅವರನ್ನು ಹೆಸರಿನಿಂದ ಕರೆಯುವುದನ್ನೇ ಬಿಟ್ಟು "ಅಫೀಮಿನೋನು" ಎನ್ನತೊಡಗಿದ ಮೇಲೆ ನಾನು ಬೇಕೆಂದೇ ಹೇಳಲು ಶುರುಮಾಡಿದೆ. ಗಂಗಾಧರಪ್ಪ. ಇಲ್ಲೂ ಬರೆಯುತ್ತೇನೆ. ಅವರು ಗಂಗಾಧರಪ್ಪ, ರೇಷ್ಮೆ ಸೀರೆ ನೇಯುವವರು, ನನ್ನ ಗಂಡ.

ಸ್ವಂತ ಮಗ್ಗ ನಮಗಿರಲಿಲ್ಲ. ನಮ್ಮ ಮನೆಯಿಂದ ಮೂರನೆಯ ಬಾಗಿಲಿಗೆ, ರೇಷ್ಮೆ ಕೊಟ್ಟು ಕೂಲಿಗೆ ನೇಯಿಸುತ್ತಿದ್ದ ಸಾಹುಕಾರರ ಒಂದು ಸಣ್ಣ ಕೋಣೆ ಇತ್ತು. ಒಂದೇ ಬಾಗಿಲು, ಮೇಲೆ ಕೈಯಗಲದ ಕಿಂಡಿ. ಒಳಗೆ ಒಂದೇ ಒಂದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಅವರು ನೇಯುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಬಿದ್ದು ಮುರಿದುಕೊಂಡಿದ್ದ ಬಲಗಾಲು ಸರಿಯಾಗಿ ಕೂಡಿರಲಿಲ್ಲ. ಹಾಗಾಗಿ ಅವರ ಮಗ್ಗದ ಸದ್ದೇ ಬೇರೆ. ಎರಡು ಏಟು ಬಿರಬಿರನೆ, ಆಮೇಲೆ ಒಂದು ಉಸಿರಿನಷ್ಟು ತಡೆ, ಮತ್ತೆ ಒಂದು ಏಟು. ನೇಕಾರರ ಬೀದಿಯಲ್ಲಿ ಹುಟ್ಟಿದ ಮಗುವಿಗೂ ಯಾವ ಸದ್ದು ಯಾರದೆಂದು ಗೊತ್ತಿರುತ್ತದೆ.

ಆ ವರ್ಷ ಮದುವೆ ಕಾಲದಲ್ಲಿ ಸೀರೆಗಳಿಗೆ ಬಹಳ ಬೇಡಿಕೆ ಬಂತು. ದೀಪ ಹಚ್ಚಿಟ್ಟುಕೊಂಡು ನೇಯಬೇಕು. ಗುಂಡಿಯ ಥಂಡಿಗೆ ಕಾಲು ಹಿಡಿದುಕೊಳ್ಳುತ್ತಿತ್ತು. ಆಗ ಸಾಹುಕಾರರೇ ಕಡಲೆಗಿಂತ ಚಿಕ್ಕದಾದ ಕಪ್ಪು ಗುಳಿಗೆಯೊಂದನ್ನು ಅವರ ಅಂಗೈಗೆ ಹಾಕಿದರು. "ಬಾಯಿಗೆ ಹಾಕ್ಕೋ ಗಂಗಾಧರ, ನೋವೂ ಗೊತ್ತಾಗಲ್ಲ, ಹೊತ್ತೂ ಗೊತ್ತಾಗಲ್ಲ." ಅಫೀಮು ಆಗ ಕದ್ದು ಮಾರುವ ಸರಕಾಗಿರಲಿಲ್ಲ. ಸರ್ಕಾರದ ಪರವಾನಗಿ ಪಡೆದ ಅಂಗಡಿಯಲ್ಲಿ ಹಗಲು ಹೊತ್ತಿನಲ್ಲೇ ಸಿಗುತ್ತಿತ್ತು. ಮದುವೆ ಕಾಲ ಮುಗಿಯಿತು, ಸೀರೆಗಳು ಹೋದವು, ಗುಳಿಗೆ ಮಾತ್ರ ಉಳಿಯಿತು. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಅದಿಲ್ಲದ ದಿನ ಅವರ ಕಣ್ಣು ಮೂಗಿನಿಂದ ನೀರು ಸುರಿಯುತ್ತಿತ್ತು, ಮೈಯೆಲ್ಲ ಮುಳ್ಳೇಳುತ್ತಿತ್ತು. ಕೊನೆಗೆ ಒಂದು ದಿನ ಮಗ್ಗಕ್ಕೆಂದು ಕೊಟ್ಟಿದ್ದ ರೇಷ್ಮೆಯ ಲಡಿಗಳನ್ನು ಮಾರಿಬಿಟ್ಟರು.

ಸಾಹುಕಾರರು ಕೋಣೆಗೆ ಬೀಗ ಜಡಿದು, ದಫೇದಾರನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಕಳ್ಳನ್ನ ಮನೇಲಿ ಇಟ್ಕೊಂಡು ಗಂಜಿ ಕುಡಿಸ್ತೀಯೇನಮ್ಮಾ? ಕಳಿಸು ಆಚೆಗೆ. ಠಾಣೇಲಿ ನಾಲ್ಕು ಬಿದ್ರೆ ಅಫೀಮೂ ಬಿಡ್ತದೆ, ಕಳ್ತನಾನೂ ಬಿಡ್ತದೆ."

ಅತ್ತೆ ಸಾಹುಕಾರರ ಕಾಲು ಹಿಡಿಯಲು ಬಗ್ಗಿದರು. ನಾನು ಅತ್ತೆಯ ರಟ್ಟೆ ಹಿಡಿದು ಎತ್ತಿದೆ. ಹೆದರಿಕೆ ಇರಲಿಲ್ಲ ಅಂತಲ್ಲ. ಹಿಂದಿನ ವರ್ಷ ಇದೇ ಚಟದ ಇನ್ನೊಬ್ಬ ನೇಕಾರನನ್ನು ಹಾಗೆ ಎಳೆದುಕೊಂಡು ಹೋಗಿದ್ದರು. ಅವನು ಮರಳಿ ಬಂದಾಗ ಲಾಳಿ ಹಿಡಿಯುವ ಶಕ್ತಿ ಅವನ ಕೈಗೆ ಇರಲಿಲ್ಲ. ಅದು ಕಣ್ಣೆದುರಿಗೆ ಬಂದು ಮಾತು ತಾನಾಗಿ ಹೊರಟಿತು.

"ರೇಷ್ಮೆ ಮಾರಿದ್ದು ನಿಜ ಸಾವ್ಕಾರ್ರೇ, ಇಲ್ಲ ಅನ್ನಲ್ಲ. ಆದ್ರೆ ಮೊದಲ್ನೇ ಗುಳಿಗೆ ಯಾರ ಕೈಯಿಂದ ಬಂತು ಅಂತಾನೂ ದಫೇದಾರ್ರು ಬರ್ಕೊಳ್ಲಿ. ಇವ್ರು ಈಗ ಕಾಯಿಲೆ ಮನುಷ್ಯ. ಮೊದ್ಲು ಗುಣ ಆಗ್ಲಿ. ನಾನೇ ಕೈ ಹಿಡ್ಕೊಂಡು ನಿಮ್ಮ ಬಾಗಿಲಿಗೆ ಕರ್ಕೊಂಡು ಬರ್ತೀನಿ. ಆವಾಗ ಅದೇನು ಶಿಕ್ಷೆ ಕೊಡ್ತೀರೋ ಕೊಡಿ."

"ಅಫೀಮು ತಿನ್ನೋದೂ ಒಂದು ಕಾಯಿಲೆಯಾ?" ಎಂದು ದಫೇದಾರ ನಕ್ಕ.

"ಹೌದು," ಎಂದವರು ಡಾಕ್ಟರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರನ್ನು ನಾನು ಅಂದೇ ಬೆಳಿಗ್ಗೆ ಬೇಡಿಕೊಂಡು ಕರೆತಂದಿದ್ದೆ. ಮಿತವಾಗಿ ಮಾತನಾಡುವ ಮನುಷ್ಯ. ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದು ಹೇಳಿದರು: "ಇವನು ನನ್ನ ರೋಗಿ. ಲಾಕಪ್ಪಿನಲ್ಲಿ ಏನಾದರೂ ಆದರೆ ನೀವೇ ಉತ್ತರ ಹೇಳಬೇಕು." ದಫೇದಾರ ಸಾಹುಕಾರರ ಮುಖ ನೋಡಿದ. ಮುಂದಿನ ತಿಂಗಳು ಬರುತ್ತೇವೆಂದು ಹೇಳಿ ಇಬ್ಬರೂ ಹೋದರು.

ಡಾಕ್ಟರು ಹೇಳಿದಂತೆ ಗುಳಿಗೆಯನ್ನು ದಿನದಿನಕ್ಕೆ ಚಿಕ್ಕದು ಮಾಡುತ್ತ ಬಂದು ನಿಲ್ಲಿಸಿದೆವು. ಆಮೇಲಿನ ದಿನಗಳನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ವಾಂತಿ, ಭೇದಿ, ಮಾಂಸಖಂಡ ಹಿಂಡುವ ನೋವು. ಕಾಲು ತಾನಾಗಿ ಒದ್ದುಕೊಳ್ಳುತ್ತಿತ್ತು. ನಿದ್ದೆ ಎಂಬುದು ಹತ್ತಿರ ಸುಳಿಯಲಿಲ್ಲ. "ನನ್ನ ಠಾಣೆಗಾದ್ರೂ ಕಳಿಸೇ, ಇದು ತಡಿಯಕ್ಕಾಗಲ್ಲ" ಎಂದು ಅವರೇ ಅಂಗಲಾಚಿದರು. ನಾನು ಕಳಿಸಲಿಲ್ಲ. ಗಂಜಿ ಕುಡಿಸಿದೆ, ಮಜ್ಜಿಗೆ ಕುಡಿಸಿದೆ, ಬಿಸಿಬಟ್ಟೆಯಿಂದ ಕಾಲಿಗೆ ಶಾಖ ಕೊಟ್ಟೆ. ಬೈದರೆ ಬೈಸಿಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ, ಬೀದಿಯ ಮಗ್ಗಗಳೆಲ್ಲ ಊಟಕ್ಕೆಂದು ನಿಂತ ಹೊತ್ತಿನಲ್ಲಿ, ಒಂದು ಮಗ್ಗ ಮಾತ್ರ ನೇಯಲು ಶುರುವಾಯಿತು.

ಸದ್ದು ಸಾಹುಕಾರರ ಕೋಣೆಯ ಕಡೆಯಿಂದ ಬರುತ್ತಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಬೇಗ ಬೇರೆಯವರನ್ನು ಕೂರಿಸಿಬಿಟ್ಟರೇ ಅನ್ನಿಸಿತು. ಆಮೇಲೆ ಕಿವಿಗೊಟ್ಟು ಕೇಳಿದೆ. ಎರಡು ಏಟು ಬಿರಬಿರನೆ. ತಡೆ. ಮತ್ತೆ ಒಂದು ಏಟು.

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ಆರಿಹೋಯಿತು. ಆ ಸದ್ದನ್ನು ನೇಯಬಲ್ಲ ಕಾಲು ನನ್ನ ಮಡಿಲ ಮೇಲಿತ್ತು. ಅದು ಒದೆಯುವುದನ್ನು ನಿಲ್ಲಿಸಿತ್ತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನೋಡನೋಡುತ್ತ ಗಂಗಾಧರಪ್ಪನವರ ಹುಬ್ಬಿನ ಗಂಟು ಸಡಿಲವಾಯಿತು, ಉಸಿರು ಉದ್ದವಾಯಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರು ನಿದ್ದೆ ಹೋದರು. ನಾನು ಅಲ್ಲಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಗಲಾಟೆ. ಸಾಹುಕಾರರು ದಫೇದಾರನ ಜೊತೆ ಓಡೋಡಿ ಬಂದಿದ್ದರು. ಹಿಂದೆ ಅರ್ಧ ಬೀದಿ.

"ಎಲ್ಲಮ್ಮಾ ನಿನ್ ಗಂಡ? ಬೀಗ ಒಡೆದು ಒಳಕ್ಕೆ ನುಗ್ಗವ್ನೆ! ಕೇಳಿಸ್ತಾ ಇಲ್ವಾ ಮಗ್ಗ?"

"ಕೇಳಿಸ್ತಾ ಇದೆ. ಮೆತ್ತಗೆ ಮಾತಾಡಿ. ಇವ್ರು ಮಲಗವ್ರೆ," ಎಂದೆ.

ಸಾಹುಕಾರರು ಬಗ್ಗಿ ಒಳಗೆ ನೋಡಿದರು. ಕಾಯಿಲೆಯ ಮನುಷ್ಯ ಚಾಪೆಯ ಮೇಲೆ ಮಗುವಿನಂತೆ ಮಲಗಿದ್ದಾನೆ. ಮೂರನೆಯ ಬಾಗಿಲಲ್ಲಿ ಅವನ ಮಗ್ಗ ನೇಯುತ್ತಲೇ ಇದೆ. ಅವರ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಂಡೆ. ದಫೇದಾರ ಮಾತ್ರ ಬಿಡಲಿಲ್ಲ. "ಯಾರೋ ಆಟ ಕಟ್ತಾವ್ರೆ, ನಡೀರಿ" ಎಂದು ಕೋಣೆಯತ್ತ ಹೊರಟ. ಗಂಡನ ಕಾಲನ್ನು ಅತ್ತೆಯ ಮಡಿಲಿಗೆ ಜಾರಿಸಿ ನಾನೂ ಹೋದೆ.

ಬೀಗ ಹಾಕಿದಂತೆಯೇ ಇತ್ತು. ಸದ್ದು ಬಾಗಿಲಿನ ಆಚೆಗೇ ಇತ್ತು. ಹಲಗೆಗೆ ಕೈಯಿಟ್ಟರೆ ಅದುರುವುದು ತಿಳಿಯುತ್ತಿತ್ತು. ನಾನು ಇಟ್ಟು ನೋಡಿದೆ. ಸಾಹುಕಾರರು ಬೀಗದ ಕೈ ಕೆಳಗೆ ಬೀಳಿಸಿದರು. ದಫೇದಾರನೇ ಎತ್ತಿಕೊಂಡು ಬೀಗ ತೆಗೆದು ಬಾಗಿಲು ತಳ್ಳಿದ.

ಸದ್ದು ನಿಂತಿತು.

ಒಳಗೆ ಯಾರೂ ಇಲ್ಲ. ಲಾಳಿ ಒಂದು ಪಕ್ಕಕ್ಕೆ ಸುಮ್ಮನೆ ಬಿದ್ದಿದೆ. ಅರ್ಧ ನೇಯ್ದ ಸೀರೆಯ ಮೇಲೆ ತೆಳುವಾಗಿ ಧೂಳು ಕೂತಿದೆ. ಎಳೆಗಳ ಮೇಲೆ ಜೇಡವೊಂದು ಬಲೆ ಕಟ್ಟಿದೆ. ಬಲೆ ಒಂದು ಚೂರೂ ಹರಿದಿಲ್ಲ. ದಫೇದಾರ ಗುಂಡಿಗೆ ಲಾಠಿ ಹಾಕಿ ತಿವಿದ. ಏನೂ ಇಲ್ಲ.

ಅಷ್ಟರಲ್ಲಿ ನಮ್ಮ ಮನೆಯಿಂದ ಕಿರುಚಾಟ ಕೇಳಿಸಿತು. ಗಂಗಾಧರಪ್ಪನವರು ಎಚ್ಚರಗೊಂಡಿದ್ದರು. ನೋವು ಮತ್ತೆ ಹಿಡಿದುಕೊಂಡಿತ್ತು.

"ಇದು ಗಾಳಿ ಚೇಷ್ಟೆ," ಎಂದರು ಸಾಹುಕಾರರು. "ಮಂತ್ರವಾದಿನ ಕರೆಸ್ತೀನಿ. ನಿನ್ ಗಂಡನ್ನೂ ತಂದು ಕೂರ್ಸು. ಬೆತ್ತದಲ್ಲಿ ಬಡಿದ್ರೆ ಗಾಳೀನೂ ಅಫೀಮೂ ಒಟ್ಟಿಗೆ ಬಿಡ್ತವೆ."

ಠಾಣೆಯಲ್ಲಾದರೆ ಲಾಠಿ, ಇಲ್ಲಾದರೆ ಬೆತ್ತ. ಎರಡಕ್ಕೂ ನನ್ನ ಗಂಡನ ಬೆನ್ನೇ ಬೇಕು. ನನಗೆ ಮೈ ಉರಿಯಿತು.

"ಅವ್ರ ಮೈಮೇಲೆ ಯಾರ ಕೈಯೂ ಬೀಳಕ್ಕೆ ನಾನು ಬಿಡಲ್ಲ. ಬಾಗಿಲು ಹಾಕಿ ಸಾವ್ಕಾರ್ರೇ."

"ಏನಂದೆ?"

"ಬಾಗಿಲು ಹಾಕಿ ಅಂದೆ. ಒಳಗಿರೋದು ಏನೋ ಎಂತೋ ನನಗೆ ಬೇಕಾಗಿಲ್ಲ. ಅದು ನೇಯ್ತಾ ಇದ್ರೆ ಅವ್ರಿಗೆ ನಿದ್ದೆ ಬರ್ತದೆ. ನೀವು ಯಾರೂ ಕೊಡದೆ ಇರೋದನ್ನ ಅದು ಕೊಡ್ತಾ ಇದೆ. ಹಾಕಿ."

ಬೀದಿಯ ಹೆಂಗಸೊಬ್ಬಳು ಸಾಹುಕಾರರಿಗೆ ಹಾಗೆ ಹೇಳಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಅವರು ಬಾಗಿಲು ಎಳೆದರು. ಬೀಗ ಬೀಳುವ ಮುಂಚೆಯೇ ಒಳಗೆ ಮಗ್ಗ ಶುರುವಾಯಿತು. ದಫೇದಾರ ತಲೆಯ ರುಮಾಲು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟುಹೋದ.

ಸಂಜೆ ಡಾಕ್ಟರು ಬಂದಾಗ ಸದ್ದು ಇನ್ನೂ ಇತ್ತು. ಕೋಣೆಯ ಸುತ್ತ ಹೋಗಿ ಗೋಡೆಗೆ ಕಿವಿಯಿಟ್ಟು ಕೇಳಿದರು. "ಇಲಿ ಇರಬೇಕು" ಎಂದರು. ಹೇಳಿದವರೇ ತಮ್ಮ ಮಾತಿಗೆ ನಾಚಿಕೊಂಡವರಂತೆ ನಕ್ಕರು. ಆಮೇಲೆ ನಮ್ಮ ಮನೆಗೆ ಬಂದು ರೋಗಿಯ ನಾಡಿ ಹಿಡಿದು ಬಹಳ ಹೊತ್ತು ಕುಳಿತರು. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಂತಿತು. ಗಂಗಾಧರಪ್ಪನವರು ಏಳಲಿಲ್ಲ. ಮರುದಿನ ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದು ಅನ್ನ ಕೇಳಿದರು.

ನಾನು ಕೊಟ್ಟ ಮಾತು ತಪ್ಪಲಿಲ್ಲ. ನಡೆಯುವಷ್ಟು ಶಕ್ತಿ ಬಂದ ಮೇಲೆ ಅವರ ಕೈ ಹಿಡಿದುಕೊಂಡು ಸಾಹುಕಾರರ ಬಾಗಿಲಿಗೆ ಹೋಗಿ ನಿಂತೆ. "ಕರ್ಕೊಂಡು ಬಂದಿದ್ದೀನಿ. ಕೊಡಿ ಶಿಕ್ಷೆ" ಎಂದೆ. ಸಾಹುಕಾರರು ನನ್ನ ಕಡೆ ನೋಡಲಿಲ್ಲ. ಆ ಮಗ್ಗಕ್ಕೆ ಕೂರಲು ಬೀದಿಯ ಯಾವ ನೇಕಾರನೂ ಒಪ್ಪಿರಲಿಲ್ಲ. "ಹೋಗಿ ಕೂತ್ಕೊಳಯ್ಯ" ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟರು. ಗಂಗಾಧರಪ್ಪನವರು ಹೋಗಿ ಕುಳಿತರು. ಮಾರಿದ ರೇಷ್ಮೆಯ ಲೆಕ್ಕ ಕೂಲಿಯಲ್ಲಿ ತೀರಿತು. ಆ ಮಧ್ಯಾಹ್ನದ ಬಗ್ಗೆ ಕೇಳಿದರೆ, "ನನಗೆ ಬಾಯಾರಿಕೆ ಆಗಿದ್ದು ಒಂದೇ ಜ್ಞಾಪಕ" ಎನ್ನುತ್ತಿದ್ದರು.

ಮಗ್ಗದ ದೇವರೇ ಬಂದು ಗಂಗಾಧರಪ್ಪನನ್ನು ಉಳಿಸಿತು ಎಂದು ಬೀದಿಯಲ್ಲಿ ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ, ಅವರ ತಾಯಿ ತೀರಿಕೊಂಡ ದುಃಖದಲ್ಲಿ, ಅವರು ಮತ್ತೆ ಆ ಗುಳಿಗೆಗೆ ಕೈಯಿಟ್ಟರು. ಊರು "ನಾವು ಹೇಳಿರಲಿಲ್ಲವೇ" ಎಂದಿತು. ನಾನು ಮತ್ತೆ ಅದೇ ಚಾಪೆ ಹಾಸಿದೆ, ಅದೇ ಗಂಜಿ ಕಾಯಿಸಿದೆ, ಅದೇ ಡಾಕ್ಟರನ್ನು ಕರೆದೆ. ಸುಳ್ಳೇಕೆ ಹೇಳಲಿ, ಕಿವಿ ತೆರೆದುಕೊಂಡೇ ಕುಳಿತಿದ್ದೆ. ಈ ಸಲ ಯಾವ ಮಗ್ಗವೂ ತಾನಾಗಿ ನೇಯಲಿಲ್ಲ. ಅವರು ಒಂದು ಗಳಿಗೆಯೂ ಕಣ್ಣು ಮುಚ್ಚದೆ ಅಷ್ಟೂ ನೋವನ್ನು ಎಚ್ಚರದಲ್ಲೇ ತಿಂದರು. ಆದರೂ ಗುಣವಾದರು. ಆಮೇಲೆ ಸಾಯುವ ತನಕ ಅದನ್ನು ಮುಟ್ಟಲಿಲ್ಲ.

ಅವರನ್ನು ಉಳಿಸಲು ಮನುಷ್ಯರೇ ಸಾಕಾಗಿತ್ತು ಎಂದು ನನಗೆ ಗೊತ್ತಿದೆ. ಹಾಗಿದ್ದರೆ ಆ ಮೊದಲ ಸಲ ಬೀಗದ ಹಿಂದೆ ಕುಳಿತು ನೇಯ್ದವರು ಯಾರು, ಏಕೆ ಬಂದರು? ಬಲ್ಲವರನ್ನೆಲ್ಲ ಕೇಳಿದ್ದೇನೆ. ನನಗೆ ಒಪ್ಪಿಗೆಯಾಗುವ ಉತ್ತರವನ್ನು ಇದುವರೆಗೆ ಯಾರೂ ಕೊಟ್ಟಿಲ್ಲ.