ಸುಣ್ಣ ಬಳಿದ ದನದ ಮನೆ

ತಂಗಿಯ ಮೊಮ್ಮಗಳು ಧಾರವಾಡದ ಮಾಳಮಡ್ಡಿಯಿಂದ ಬಂದು ಬೆಂಗೇರಿಯ ನಮ್ಮ ದನದ ಮನೆ ನೋಡಿ ಹೋದಳು. ನನ್ನ ಮಾವನ ಅಜ್ಜ ಕಟ್ಟಿಸಿದ್ದು ಅದು. ಸಾಗವಾನಿ ಕಂಬ, ತಲೆಯ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಹಳೆಯ ಕಟ್ಟಡವೊಂದರ ಒಳಗಿನ ಫೋಟೊ ತೆಗೆದು ಕಾಲೇಜಿಗೆ ಕೊಟ್ಟರೇನೇ ಅವಳು ಪಾಸಂತೆ. ಭಾನುವಾರ ಕ್ಯಾಮೆರಾ ತರುತ್ತೇನೆ ಎಂದಳು. ಸೋಮವಾರ ಕೊಡುವುದಿತ್ತು.

ನನಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತದೆ. ಆದರೆ ನಾಲ್ಕು ಮಂದಿ ನೋಡುವ ಜಾಗ ಹೇಗಿರಬೇಕು ಅನ್ನುವುದು ಗೊತ್ತು. ಶನಿವಾರ ಜೇಡರ ಬಲೆಯೆಲ್ಲ ಹೊಡೆದೆ. ಗೋಡೆಗೆ ಸುಣ್ಣ ಬಳಿದೆ, ನೆಲ ಸಾರಿಸಿದೆ, ಬಾಗಿಲಿಗೆ ರಂಗೋಲಿಯನ್ನೂ ಹಾಕಿದೆ. ಸೊಂಟ ಹಿಡಿಯಿತು. ಹಿಡಿಯಲಿ. ನೆಲ ಹೊಲಸಾಗಬಾರದೆಂದು ಎಮ್ಮೆಯನ್ನು ಹೊರಗೆ ಬೇವಿನ ಮರದ ಕೆಳಗೆ ಕಟ್ಟಿದೆ.

ಭಾನುವಾರ ಬಂದವಳು ಒಳಗೆ ಕಾಲಿಟ್ಟು ಅಲ್ಲೇ ಕುಸಿದು ಕೂತಳು.

"ಏನ್ ಮಾಡಿಟ್ಟಿ ಅಜ್ಜಿ? ಆ ಮಸಿ, ಆ ಬಲಿ, ಅದಽ ಬೇಕಾಗಿತ್ತು ನನಗ."

"ಜ್ಯಾಡರ ಬಲಿ ತೋರಿಸಿ ಪಾಸಾಗಾಕಿ ಏನು ನೀನು? ಮಂದಿ ನನಗ ಏನಂದಾರು?"

"ಹಳೇದು ಕಾಣಬೇಕಿತ್ತು ಅಜ್ಜಿ."

"ಹಳೇದು ಬೇಕಂದ್ರ ನನ್ನ ಮಾರೀದು ಫೋಟೊ ತಗಿ."

ನಗಲಿಲ್ಲ ಹುಡುಗಿ. ಮಧ್ಯಾಹ್ನದವರೆಗೂ ಫೋಟೊ ತೆಗೆದಳು, ತೆಗೆದು ನನಗೇ ತೋರಿಸಿದಳು. "ನೋಡು, ದವಾಖಾನಿ ಕಂಡಂಗ ಕಾಣಸ್ತದ." ಖರೆ, ಹಾಗೇ ಕಾಣುತ್ತಿತ್ತು. ಫೇಲಾದರೆ ನನ್ನಿಂದಲೇ.

ಅಷ್ಟರಲ್ಲಿ ಎಮ್ಮೆಗೆ ಮೇವಿನ ಹೊತ್ತಾಯಿತು. ಗೂಟ ಕಿತ್ತುಕೊಂಡು, ಹಗ್ಗ ಎಳೆಯುತ್ತ, ರಂಗೋಲಿ ತುಳಿದು ನೇರ ಒಳಗೆ ಬಂತು. ಗೋದಲಿಯಲ್ಲಿದ್ದ ಹೊಟ್ಟಿಗೆ ಮೂತಿ ಇಟ್ಟು ಬುಸ್ಸೆಂದು ಊದಿತು. ಹೊಟ್ಟು ಮಾಳಿಗೆಯವರೆಗೆ ಹಾರಿತು. ಬೆಳಕಿಂಡಿಯಿಂದ ಬಿದ್ದ ಬಿಸಿಲು ಆ ಹೊಟ್ಟಿನಲ್ಲಿ ಇನ್ನೊಂದು ಕಂಬದ ಹಾಗೆ ನಿಂತಿತು. ಎಮ್ಮೆ ಬಾಲ ಎತ್ತಿ, ಸಾರಿಸಿದ ನೆಲದ ಮೇಲೆ ಸಗಣಿ ಹಾಕಿತು. ನಾನು ಕಸಬರಿಗೆ ಎತ್ತಿದೆ.

"ಅಜ್ಜಿ, ಹಂಗಽ ನಿಂದರು. ಬೈಯಿ, ಇನ್ನಷ್ಟು ಬೈಯಿ."

ಬೈಗುಳಕ್ಕೇನು ಬರವೇ ನನಗೆ.

ಪಾಸಾದಳು. ಕಾಲೇಜಿನ ಗೋಡೆಗೆ ಅದೇ ಫೋಟೊ ದೊಡ್ಡದಾಗಿ ಹಾಕಿದ್ದಾರೆಂದು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಬಿಸಿಲಿನ ಕಂಬ, ಎಮ್ಮೆಯ ಹಿಂಭಾಗ, ಕಸಬರಿಗೆ ಎತ್ತಿ ಬಾಯಿ ತೆರೆದು ನಿಂತ ನಾನು. ಅವಳ ಮಾಸ್ತರರು ಕೈ ಮುಗಿದರು.

"ಬೆಳಕು ಭಾಳ ಛಲೋ ಬಂದದ ನೋಡ್ರಿ, ಅಮ್ಮಾರ."

"ಸುಣ್ಣ ನಾನಽ ಹಚ್ಚೇನ್ರಿ," ಎಂದೆ.

ಹುಡುಗಿ ನನ್ನ ತೋಳು ಚಿವುಟಿದಳು.