ಟೈಲರಕ್ಕನ ಹಾರ್ಮೋನಿಯಂ ಹೊಲಿಗೆ

“ಆ ಪೆಟ್ಟಿಗೆ ನನ್ನ ಹತ್ತಿರ ಬಂದಿದ್ದೇ ಬಟ್ಟೆ ಹೊಲಿಸಿಕೊಳ್ಳೋಕೆ ಕಣ್ರೇ. ನಗಬೇಡಿ. ಮನುಷ್ಯರಿಗೆ ಅಂಗಿ ಹೇಗೋ ಹಾರ್ಮೋನಿಯಂಗೆ ಗವಸು ಹಾಗೆ. ಸಂಗೀತದ ಮೇಷ್ಟ್ರು ತಂದು ಮೇಜಿನ ಮೇಲಿಟ್ಟು, ‘ಅಳತೆ ತಗೊಳ್ಳಿ ಅಮ್ಮ, ಒಳಗೆ ಧೂಳು ಹೋಗಬಾರದು’ ಅಂದು ಹೋದ್ರು. ತಗೊಂಡೆ. ಸೊಂಟ ಇಲ್ಲ, ತೋಳಿಲ್ಲ, ಇಲ್ಲಿ ಬಿಗಿ ಆಯ್ತು ಅಲ್ಲಿ ಸಡಿಲ ಆಯ್ತು ಅನ್ನೋ ತಕರಾರಿಲ್ಲ. ಇಂಥ ಗಿರಾಕಿ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮಧ್ಯಾಹ್ನ, ಅಂಗಡೀಲಿ ಯಾರೂ ಇರಲಿಲ್ಲ. ಬೆರಳಿಡೋ ಬಿಳಿ ಮನೆ ಒಂದನ್ನ ಒತ್ತಿದೆ. ಸುಮ್ಮನಿತ್ತು. ಮತ್ತೆ ಒತ್ತಿದೆ. ಮೂಕ. ಆಮೇಲೆ ಹಿಂದಿನ ತಿದಿ ಎಳೆದು ಗಾಳಿ ತುಂಬಿ ಒತ್ತಿದೆ ನೋಡಿ, ಪಕ್ಕದ ಕೋಣೆಯಿಂದ ಯಾರೋ ಓಗೊಟ್ಟ ಹಾಗಾಯ್ತು. ನಾನು ಪೆದ್ದಿ, ತಿರುಗಿ ಬೇರೆ ನೋಡಿದೆ! ಗವಸೇನು, ಕೂತರೆ ಎದ್ದೇಳೋ ಹೊತ್ತಿಗೆ ಮುಗಿಯೋ ಕೆಲಸ. ಆದ್ರೂ ‘ಇವತ್ತು ಬನ್ನಿ, ನಾಳೆ ಬನ್ನಿ’ ಅಂತ ಮೇಷ್ಟ್ರ ಚಪ್ಪಲಿ ಸವೆಸಿಬಿಟ್ಟೆ. ಟೈಲರ್ ಮಾತು ನಂಬಬಾರದು ಅಂತ ಊರೇ ಹೇಳುತ್ತೆ. ನನಗೆ ಅದೇ ಅನುಕೂಲ ಆಯ್ತು.”

ಅಂಗಡಿಯ ಬೆಂಚಿನ ಮೇಲೆ ಕಾಯುತ್ತ ಕೂತ ಹೆಂಗಸರಿಗೆಲ್ಲ ಟೈಲರಕ್ಕ ಈ ಕಥೆ ಹೇಳಿಯೇ ಹೇಳುತ್ತಾಳೆ. ತುಟಿಯ ಒಂದು ಕೊನೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ಮಾತೆಲ್ಲ ಇನ್ನೊಂದು ಕೊನೆಯಿಂದ ಬರುತ್ತದೆ. ನಗು ಬರುವ ಜಾಗಕ್ಕೆ ಮಾತ್ರ ಪಿನ್ನು ತೆಗೆದು ಅಂಗೈಯಲ್ಲಿ ಹಿಡಿಯುತ್ತಾಳೆ.

ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಎರಡು ಕೋಣೆ ಮನೆ. ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಎಷ್ಟು ತಿಕ್ಕಿ ತೊಳೆದರೂ ಕಿವಿಯ ಹಿಂದೆ ಯಾರ ಮನೆಯದಾದರೂ ಬಣ್ಣ ಉಳಿದಿರುತ್ತದೆ. ನಾದಿನಿ ಕಿಟಕಿಯ ಬಳಿ ಕೂತು ಕಾಜಾ ಹಾಕುತ್ತಾಳೆ, ಗುಂಡಿ ಹಚ್ಚುತ್ತಾಳೆ. ಅವಳ ನಾಲಿಗೆಗೆ ಸೂಜಿಯಷ್ಟೇ ಮೊನೆ.

ಒಂದು ದಿನ ಮೇಷ್ಟ್ರು ಹೇಳದೆ ಕೇಳದೆ ಬಂದಾಗ ಟೈಲರಕ್ಕ ಪೆಟ್ಟಿಗೆಯ ಮುಂದೆ ಕೈಯಾಡಿಸುತ್ತ ಸಿಕ್ಕಿಬಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದರು.

“ಗವಸು ಆಗಿಲ್ಲ. ಆದ್ರೆ ಸ್ವರ ಆಗ್ತಾ ಇದೆಯಲ್ಲಮ್ಮ.”

“ತಪ್ಪಾಯ್ತು ಮೇಷ್ಟ್ರೇ, ಸಂಜೆಗೇ ಕೊಟ್ಟುಬಿಡ್ತೀನಿ.”

“ಗವಸು ಹಾಳಾಗಿಹೋಗಲಿ. ಭಾನುವಾರ ಮಧ್ಯಾಹ್ನ ಬನ್ನಿ. ದೊಡ್ಡವರದೇ ಒಂದು ತಂಡ ಕಟ್ಟಿದ್ದೀನಿ. ಎಲ್ಲರೂ ನಿಮ್ಮ ಹಾಗೇ, ತಲೆ ನರೆತ ಮೇಲೆ ಕೈ ಕೆರೆತ ಶುರುವಾದವರು.”

ಮನೆಯಲ್ಲಿ ಕಲಿಯಲಿಕ್ಕೆ ಒಂದು ಹಳೆಯ ಪೆಟ್ಟಿಗೆಯನ್ನೂ ಕೊಡುತ್ತೇನೆಂದರು. ಪೆಟ್ಟಿಗೆ ಮನೆಗೆ ಬರುವ ಮೊದಲೇ ಟೈಲರಕ್ಕ ಅದಕ್ಕೆ ಅಂಚುಪಟ್ಟಿ ಇಟ್ಟು ಹಸಿರು ಗವಸು ಹೊಲಿದಿಟ್ಟಳು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ,” ಎಂದ ಗಂಡ. ನಾದಿನಿ ಬಿಡುತ್ತಾಳೆಯೇ? “ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಸ್ವಲ್ಪ ಮೊದಲೇ ಬಂತಲ್ಲ ಅತ್ತಿಗೆ!” ಎಂದಳು.

ಮೊದಮೊದಲು ಬರೀ ಸರಿಗಮ. ಹತ್ತುವುದು, ಇಳಿಯುವುದು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಟೈಲರಕ್ಕ ನುಡಿಸುತ್ತಿದ್ದರೆ ಗಂಡ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಕೇಳುತ್ತಿದ್ದ. ಆಮೇಲೆ ಮೇಷ್ಟ್ರು ಒಂದು ಪುಟ್ಟ ಹಾಡು ಹೇಳಿಕೊಟ್ಟರು. ಅದನ್ನು ತಿಂಗಳುಗಟ್ಟಲೆ ಮನೆಯಲ್ಲಿ ತಿದ್ದಿ ತೀಡಿ, ಒಂದು ಭಾನುವಾರ ತಂಡದ ಜೊತೆ ನುಡಿಸಲು ಕೂತಳು.

ಮೊದಲ ಸಾಲು ಮುಗಿಯಿತು. ಎಲ್ಲರೂ ಎರಡನೆಯ ಸಾಲಿಗೆ ಹೋದರು. ಟೈಲರಕ್ಕನ ಪೆಟ್ಟಿಗೆ ಮಾತ್ರ ಇನ್ನೂ ಮೊದಲ ಸಾಲಿನ ಬಾಗಿಲಲ್ಲೇ ನಿಂತು ಮಾತಾಡುತ್ತಿತ್ತು. ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

“ಅಮ್ಮ, ಸಾಲು ಮುಗಿದ ಮೇಲೆ ನೀವು ಎರಡು ಸ್ವರ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರ್ತೀರಲ್ಲ, ಯಾಕೆ?”

“ನಾನೆಲ್ಲಿ ಹೋದೆ ಮೇಷ್ಟ್ರೇ?”

“ಒಬ್ಬರೇ ನುಡಿಸಿ, ನೋಡೋಣ.”

ನುಡಿಸಿದಳು. ಈ ಸಲ ಅವಳ ಕಿವಿಗೇ ಬಿತ್ತು. ಎರಡು ಹಿಂದಕ್ಕೆ, ಎರಡು ಮುಂದಕ್ಕೆ. ಅವಳು ಹಣೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಕೈಯೇ! ಟಾಕಾ ಭದ್ರ ಮಾಡ್ತಿದೀನಿ ಮೇಷ್ಟ್ರೇ. ಹೊಲಿಗೆ ಮುಗಿದ ಕಡೆ ಎರಡು ಟಾಕಾ ಹಿಂದೆ ಹೋಗಿ ಮುಂದೆ ಬರಬೇಕು. ಇಲ್ಲಾಂದ್ರೆ ಒಗೆದ ಮೊದಲ ಸಲಕ್ಕೇ ಬಿಚ್ಚಿಕೊಳ್ಳುತ್ತೆ.”

“ನಮ್ಮ ಹಾಡನ್ನ ಯಾರೂ ಒಗೆಯಲ್ಲ ತಾಯಿ!” ಎಂದರು ಮೇಷ್ಟ್ರು. ಕೋಣೆಯೆಲ್ಲ ನಕ್ಕಿತು. ಟೈಲರಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಎಲ್ಲರೂ ಹೊರಟ ಮೇಲೆ ಮೇಷ್ಟ್ರು ಮೆತ್ತಗೆ ಹೇಳಿದ ಮಾತಿಗೆ ಮಾತ್ರ ನಗು ಬರಲಿಲ್ಲ. ಬರುವ ತಿಂಗಳು ಗ್ರಂಥಾಲಯದ ದೊಡ್ಡ ಕೋಣೆಯಲ್ಲಿ ತಂಡದವರೆಲ್ಲ ವೇದಿಕೆಯ ಮೇಲೆ ಕೂತು ನುಡಿಸುವುದಿತ್ತು. “ಒಬ್ಬರೇ ನುಡಿಸೋದಾದ್ರೆ ನನ್ನದೇನೂ ಅಡ್ಡಿ ಇಲ್ಲ. ಒಟ್ಟಿಗೆ ನುಡಿಸುವಾಗ ಒಬ್ಬರು ಹಿಂದೆ ಬಿದ್ದರೆ ಎಲ್ಲರೂ ಮುಗ್ಗರಿಸ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಈ ಸಲ ಮುಂದಿನ ಕುರ್ಚಿಯಲ್ಲಿ ಕೂತು ಕೇಳಿ. ಬೇಜಾರು ಮಾಡ್ಕೋಬೇಡಿ.”

ಉಗುರಿನ ಸಂದಿಗೆ ಸೂಜಿ ಹೋದ ಹಾಗಾಯಿತು ಅವಳಿಗೆ. ಆ ವೇದಿಕೆ ಅವಳಿಗೆ ಹೊಸದೇನಲ್ಲ. ನಾಟಕದ ರಾಜರಿಗೆ ನಿಲುವಂಗಿ, ಬಹುಮಾನ ತಗೊಳ್ಳುವವರಿಗೆ ಕೋಟು, ಹಾಡುವ ಹುಡುಗಿಯರಿಗೆ ಲಂಗ, ಎಲ್ಲ ಅವಳ ಕೈಯಿಂದಲೇ ಹೋಗಿದ್ದವು. ಅವಳು ಮಾತ್ರ ಯಾವಾಗಲೂ ಪರದೆಯ ಪಕ್ಕ ಸೂಜಿ ದಾರ ಹಿಡಿದು, ಯಾರ ಗುಂಡಿ ಕಿತ್ತುಬಂದೀತೋ ಎಂದು ಕಾಯುತ್ತ ನಿಂತವಳು. ಒಂದೇ ಒಂದು ಸಲ ನಡುವೆ ಕೂರಬೇಕು ಎಂಬ ಆಸೆಯನ್ನು ಗಂಡನಿಗೂ ಹೇಳಿರಲಿಲ್ಲ.

ಆ ಆಸೆಯನ್ನೂ ಮೇಷ್ಟ್ರ ಮಾತನ್ನೂ ನಾದಿನಿಗೆ ಹೇಳಿದಳು. ನಾದಿನಿ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿಯನ್ನು ತೋರಿಸಿ, “ನೀವು ಹಿಂದಕ್ಕೆ ಹೋದ್ರೋ, ಇದರಲ್ಲಿ ಟಕ್ ಅಂತ ಕುಟ್ತೀನಿ,” ಎಂದಳು. ಗಂಡ ಎಲ್ಲೋ ಏಣಿ ಹತ್ತಿ ಬಣ್ಣ ಹೊಡೆಯುತ್ತಿರುವ ಹೊತ್ತಿನಲ್ಲಿ ಇಬ್ಬರೂ ಕೂತರು. ಟಕ್. “ಮತ್ತೆ ಹೊಲಿದ್ರಿ ಅತ್ತಿಗೆ!” ಟಕ್. “ಅಯ್ಯೋ, ಬಿಡಿ ಆ ಬಟ್ಟೇನ!” ಹೆದರಿ ಹೆದರಿ ಟೈಲರಕ್ಕನ ಕೈ ಕೊನೆಯ ಸ್ವರವನ್ನೇ ಮುಟ್ಟದೆ ನಿಲ್ಲತೊಡಗಿತು.

ಅದೂ ಸಾಲದು ಅಂತ, ಔಷಧಿ ಅಂಗಡಿಯವನು ಮೊನ್ನೆಯಷ್ಟೇ ಹೊಲಿಸಿಕೊಂಡಿದ್ದ ಪ್ಯಾಂಟನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದ. ಕೆಳಗಿನ ಖಾನೆಯಿಂದ ಕೆಮ್ಮಿನ ಔಷಧಿ ತೆಗೆಯಲು ಬಗ್ಗಿದ್ದನಂತೆ. ಹಿಂದಿನ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತಂತೆ.

“ಅಂಗಡಿ ತುಂಬ ಜನ ಇದ್ರು ಅಕ್ಕ. ಕೆಮ್ಮುತ್ತಿದ್ದವರೆಲ್ಲ ಕೆಮ್ಮು ಮರೆತು ನಕ್ಕರು.”

ಟೈಲರಕ್ಕ ಪ್ಯಾಂಟು ತಿರುವಿ ನೋಡಿದಳು. ಹೊಲಿಗೆಯ ಕೊನೆಗೆ ಟಾಕಾ ಭದ್ರ ಮಾಡಿರಲಿಲ್ಲ. ಹಾರ್ಮೋನಿಯಂ ಮುಂದೆ ಬಿಡು ಬಿಡು ಎಂದು ಬೈಸಿಕೊಂಡ ಕೈ, ಬಿಡಬಾರದ ಕಡೆ ಬಿಟ್ಟಿತ್ತು! ಹೀಗಾದರೆ ಹಾಡೂ ಇಲ್ಲ, ಹೊಟ್ಟೆಪಾಡೂ ಇಲ್ಲ ಎಂದುಕೊಂಡು ಪ್ಯಾಂಟನ್ನು ಆಗಲೇ ಯಂತ್ರಕ್ಕೆ ಕೊಟ್ಟಳು. ಹೊಲಿದು, ಹಿಂದೆ ಮುಂದೆ ಹೋಗಿ, ಕತ್ತರಿಗೆ ಕೈ ಹಾಕಿದಳು. ಅಲ್ಲೇ ನಿಂತಳು.

“ಏ, ಇಲ್ಲಿ ಬಾರೆ. ಕತ್ತರಿ ಕೈಗೆ ಬಂದ ಮೇಲೆ ನಾನು ಯಾವತ್ತಾದ್ರೂ ಇನ್ನೊಂದು ಟಾಕಾ ಹಾಕಿದ್ದೀನಾ?”

“ದಾರ ಕತ್ತರಿಸೋಕೆ ತಾನೆ ಕತ್ತರಿ? ಆಮೇಲೆಂಥ ಟಾಕಾ?” ಎಂದಳು ನಾದಿನಿ.

ಟೈಲರಕ್ಕ ಆ ಸಣ್ಣ ಕತ್ತರಿಯನ್ನು ಪೆಟ್ಟಿಗೆಯ ಮೇಲೆ, ಬಲಗೈಗೆ ಸಿಗುವ ಹಾಗೆ ಇಟ್ಟುಕೊಂಡಳು. ಸಾಲಿನ ಕೊನೆಯ ಸ್ವರ ಆದದ್ದೇ ತಡ, ಕೈ ಎತ್ತಿ ಕತ್ತರಿಯನ್ನು ಮುಟ್ಟಿದಳು. ದಾರ ಕತ್ತರಿಸಿಯಾಯಿತು ಎಂದು ಕೈ ನಂಬಿತು. ತಣ್ಣಗೆ ಹೊಸ ಸಾಲಿಗೆ ಇಳಿಯಿತು. ನಾದಿನಿಯ ಟೋಪಿ ಕುಟ್ಟಲು ಕಾದು ಕಾದು ಸುಮ್ಮನಾಯಿತು.

ಮುಂದಿನ ಭಾನುವಾರ ಮೇಷ್ಟ್ರು ಕೇಳಿದರು, “ಇದೇನಮ್ಮ, ಪೆಟ್ಟಿಗೆ ಮೇಲೆ ಕತ್ತರಿ?”

“ನೀವು ತಾಳ ಹಾಕೋಕೆ ಕೈ ತಟ್ಟಲ್ವಾ, ಹಾಗೆ. ಕೇಳಿಬಿಟ್ಟು ಬೈಯಿರಿ.”

ಕೇಳಿದರು. ಬೈಯಲಿಲ್ಲ. “ಆ ದಿನ ನಡುವೆ ಕೂತ್ಕೊಳ್ಳಿ, ನನ್ನ ಪಕ್ಕ,” ಎಂದರು.

ಗ್ರಂಥಾಲಯದಲ್ಲಿ ಅವಳು ನಡುವೆಯೇ ಕೂತಳು. ದೀಪದ ಬಿಸಿ ಇಷ್ಟಿರುತ್ತದೆ ಎಂದು ಪರದೆಯ ಪಕ್ಕ ನಿಂತವರಿಗೆ ಗೊತ್ತಾಗುವುದಿಲ್ಲ. ಕತ್ತರಿ ಮಿಂಚಿತು, ಕೈ ಎದ್ದಿತು, ಇಳಿಯಿತು. ಎಲ್ಲರೂ ಶುರು ಮಾಡಿದಾಗ ಶುರು ಮಾಡಿದಳು, ಎಲ್ಲರೂ ನಿಲ್ಲಿಸಿದಾಗ ನಿಲ್ಲಿಸಿದಳು. ಚಪ್ಪಾಳೆಯಲ್ಲಿ ನಾದಿನಿಯದು ಎಲ್ಲರದಕ್ಕಿಂತ ತಡವಾಗಿ ನಿಂತಿತು.

ಮನೆಗೆ ನಡೆದು ಬರುವಾಗ ಗಂಡ ಪೆಟ್ಟಿಗೆ ಹೊತ್ತಿದ್ದ. ಅವಳೇ ಕೇಳಿದಳು.

“ಹೇಗಿತ್ತು ರೀ?”

“ಚೆನ್ನಾಗೇ ಇತ್ತು. ನೀನು ಅಲ್ಲಿ ಕೂತಿದ್ದೂ ಚೆನ್ನಾಗಿತ್ತು. ಆದ್ರೆ ನಿಮ್ಮ ಮೇಷ್ಟ್ರು ಹಾಡನ್ನ ಯಾಕೆ ಮೊಟಕು ಮಾಡಿದ್ರು?”

“ಮೊಟಕಾ?”

“ಸಾಲಿನ ಕೊನೇಲಿ ಒಂದು ಬಾಗು ಬರುತ್ತಲ್ಲ, ಹೋಗೋರು ಬಾಗಿಲಲ್ಲಿ ನಿಂತು ತಿರುಗಿ ನೋಡಿದ ಹಾಗೆ. ಅದೇ ಇರಲಿಲ್ಲ. ನಾನು ಏಣಿ ಮೇಲೆ ದಿನಾ ಅದನ್ನೇ ಸಿಳ್ಳೆ ಹಾಕ್ತೀನಿ. ಬಣ್ಣ ಹೊಡೆಸಿಕೊಳ್ಳೋ ಮನೆಯವರೂ ಗುನುಗ್ತಾರೆ.” ಸಿಳ್ಳೆ ಹಾಕಿ ತೋರಿಸಿದ. ಎರಡು ಹಿಂದಕ್ಕೆ, ಎರಡು ಮುಂದಕ್ಕೆ.

ನಾದಿನಿ ಸೆರಗು ಬಾಯಿಗೆ ತುರುಕಿಕೊಂಡಳು. ಟೈಲರಕ್ಕ ಅವಳ ತೋಳನ್ನು ಒಮ್ಮೆ ಚಿವುಟಿ, “ಅದು ಮನೆಯವರಿಗೆ ಮಾತ್ರ ರೀ,” ಎಂದಳು. “ಬೆಳಿಗ್ಗೆ ನುಡಿಸ್ತೀನಿ, ಗಡ್ಡ ಹೆರೆದುಕೊಳ್ಳುವಾಗ ಕೇಳಿ.”

ಬೆಳಿಗ್ಗೆ ನುಡಿಸಿದಳು. ಬಾಗು ಒಂದನ್ನೂ ಬಿಡಲಿಲ್ಲ. ಗಂಡ ಸಿಳ್ಳೆ ಹಾಕುತ್ತ ಏಣಿ ಹೊತ್ತು ಹೋದ. ಟೈಲರಕ್ಕ ಬಾಗಿಲು ತೆರೆದು, ನಿನ್ನೆಯ ದಾರದ ಚೂರುಗಳನ್ನು ಗುಡಿಸಿ, ಯಂತ್ರದ ತೂತುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟಳು. ಗಿರಾಕಿಯ ಬಟ್ಟೆಗೆ ಕಲೆಯಾಗಬಾರದಲ್ಲ, ಅದಕ್ಕೆ ಮೊದಲು ಒಂದು ಚಿಂದಿಯನ್ನು ಸೂಜಿಯ ಕೆಳಗಿಟ್ಟು, ಎಣ್ಣೆ ಇಳಿಯುವವರೆಗೂ ಉದ್ದಕ್ಕೆ ಹೊಲಿಯುತ್ತ ಕೂತಳು.